ಈ ಸಲ ಮಳೆಗೆ ಮುಂಚೆ ಏನೇನು ಮಾಡಿಕೊಂಡೀರಿ? ಕುರ್ಲಾ, ಸಾಯನ್, ಧಾರಾವಿ, ಪುಣೆ ಮಂದಿ ಹೇಳ್ರಿ

ಮಿಠಿ ದಂಡಿ

ಎಲ್ಲಾರಿಗೂ ನಮಸ್ಕಾರ ರೀ. ನಾವು ಕುರ್ಲಾದಾಗ ಮಿಠಿ ನದಿ ಬಾಜೂಕ ಇರೋ ಮಂದಿ. ನಮ್ಮ ಗಲ್ಲಿಯೊಳಗ ಅಫಜಲಪುರ, ಇಂಡಿ, ಸಿಂದಗಿ ಕಡೆಯವರೇ ಹೆಚ್ಚು. ಗಂಡಸರು ಗೌಂಡಿ ಕೆಲಸ, ಬಿಗಾರಿ ಕೆಲಸ, ಮುಂಜಾನೆ ನಾಕಾದ, ಅಂದ್ರ ಕೂಲಿ ಚೌಕದ, ಮ್ಯಾಲೆ ನಿಂತು ಸಿಕ್ಕಿದ್ದು. ಹೆಣ್ಣಮಕ್ಕಳು ಬಿಲ್ಡಿಂಗಿನಾಗ ಮನೆಗೆಲಸ.

ನಮ್ಮಲ್ಲಿ ಮೇ ತಿಂಗಳ ಕಡೇ ವಾರ ಅಂದ್ರ ತಾಡಪತ್ರಿ ವಾರ. ಊರಿಗೆ ಹೋದವರು ಮದುವಿ, ಜಾತ್ರಿ ಮುಗಿಸಿ ಬಂದು ತಗಡಿನ ಪತ್ರಾದ ಮ್ಯಾಲೆ ಹತ್ತತಾರ, ತೂತಿಗೆ ಡಾಂಬರು ಹಚ್ಚತಾರ, ನೀಲಿ ತಾಡಪತ್ರಿ ಹಾಸಿ ಹಗ್ಗ ಬಿಗೀತಾರ. ಜೂನ್ 10-11ಕ್ಕ ಮಳಿ ಹಿಡೀತದ ಅನ್ನೋದು ಹಳೇ ಲೆಕ್ಕ. 2025ರಾಗ ಮೇ 26ಕ್ಕೇ ಮುಂಗಾರು ಮುಂಬೈಗೆ ಬಂತು. ಅರ್ಧ ಗಲ್ಲಿ ಮನಿಗೆ ಕೀಲಿ ಹಾಕಿತ್ತು, ಮಂದಿ ಊರಾಗ ಇದ್ರು. ಬಂದು ಕೀಲಿ ತೆಗದ್ರ ಹಾಸಿಗಿ, ಜ್ವಾಳದ ಚೀಲ, ಮಕ್ಕಳ ಪುಸ್ತಕ ಎಲ್ಲಾ ಬೂಷ್ಟು ಹಿಡದಿತ್ತು.

ಅದೇ ವರ್ಷ ಆಗಸ್ಟ್ 19ಕ್ಕ ಮಿಠಿ 3.9 ಮೀಟರ್ ಏರಿ, ಕ್ರಾಂತಿ ನಗರದಿಂದ ನೂರಾರು ಮಂದಿನ ಪಾಲಿಕೆ ಶಾಲಿಗೆ ಸಾಗಿಸಿದ್ರು.

ನಾನು ಕೇಳೋದು ಒಂದೇ. ಮಳಿ ಬರೋ ಹೊತ್ತೂ ಬದಲಾಗ್ಯದ, ಬೀಳೋ ರೀತಿನೂ ಬದಲಾಗ್ಯದ. ನಿಮ್ಮ ನಿಮ್ಮ ಕಡೆ ಮಂದಿ ಏನ್ ಮಾಡ್ಯಾರ? ಯಾವುದು ನಡೀತು, ಯಾವುದಕ್ಕ ರೊಕ್ಕ ದಂಡ ಆತು? ಈ ಸಲ ನಮ್ಮ ಗಲ್ಲಿಯವರೆಲ್ಲ ಕೂಡಿ ಏನರೆ ಮಾಡಬೇಕು ಅಂತ ಮಾತಾಗ್ಯದ.

ನಿವೃತ್ತ ಓವರ್‌ಸಿಯರ್

ತಮ್ಮಾ, ಒಳ್ಳೆ ಪ್ರಶ್ನೆ ಎತ್ತಿದಿ. ನಾನು ಧಾರವಾಡದಿಂದ ಬಂದು ಜೀವಮಾನ ಪೂರಾ ಈ ಊರಿನ ಗಟಾರದ ಕೆಲಸದಲ್ಲೇ ಇದ್ದವನು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಪ್ರತಿ ವರ್ಷ ನಾಲೆಸಫಾಯಿಗೆ, ಅಂದರೆ ನಾಲೆಯ ಹೂಳು ತೆಗೆಯೋದಕ್ಕೆ, ಇಟ್ಟುಕೊಳ್ಳೋ ಗಡುವು ಮೇ 31. ಮಳೆ ಮೇ 26ಕ್ಕೆ ಬಂದರೆ ಹೂಳು ಇನ್ನೂ ನಾಲೆಯಲ್ಲೇ ಇರುತ್ತೆ, ಇಲ್ಲಾಂದ್ರೆ ತೆಗೆದು ದಂಡೆ ಮೇಲೆ ಹಾಕಿರ್ತಾರೆ, ಮೊದಲ ಮಳೆಗೆ ಅದು ಮತ್ತೆ ಒಳಗೇ ಹೋಗುತ್ತೆ. ಆ ದಿನ ಕೊಲಾಬಾದಲ್ಲಿ ಭಾರೀ ಮಳೆ ಬಿತ್ತು. ಹೊಸದಾಗಿ ಕಟ್ಟಿದ ಭೂಗತ ಮೆಟ್ರೋ ಸ್ಟೇಷನ್ನಿಗೇ ನೀರು ನುಗ್ಗಿತು. ಇನ್ನು ಪತ್ರಾ ಮನೆಗಳ ಮಾತೇನು.

ಈ ಊರಿನ ಹಳೇ ಮಳೆಗಟಾರ ಗಂಟೆಗೆ 25 ಮಿಲಿಮೀಟರ್ ಮಳೆಗೆ ಕಟ್ಟಿದ್ದು, ಅದೂ ಸಮುದ್ರ ಇಳಿತದಲ್ಲಿದ್ದಾಗ. ಬ್ರಿಮ್‌ಸ್ಟೋವಾಡ್ ಅಂತ ಯೋಜನೆ 1993ರಲ್ಲಿ ಕಾಗದದ ಮೇಲೆ ಬಂತು, ಗಂಟೆಗೆ 50 ಮಿಲಿಮೀಟರ್ ಮಾಡೋಣ ಅಂತ. ಅದಕ್ಕೆ ನಿಜವಾದ ಚುರುಕು ಹತ್ತಿದ್ದು 2005ರ ಜುಲೈ 26 ಆದ ಮೇಲೆ. ಆವತ್ತು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನ ಹೋದರು. ಯೋಜನೆಯಲ್ಲಿದ್ದ ಎಂಟು ಪಂಪಿಂಗ್ ಸ್ಟೇಷನ್ನುಗಳಲ್ಲಿ ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್, ಬ್ರಿಟಾನಿಯಾ, ಗಝ್ದರ್‌ಬಂದ್ ಆದವು. ಮಾಹುಲ್, ಮೊಗ್ರಾ ಎರಡು ಜಾಗದ ತಕರಾರಿಗೆ ವರ್ಷಗಟ್ಟಲೆ ಹಿಂದೆ ಬಿದ್ದವು. ನಿಮ್ಮ ಕಡೆಗೆ ಬೇಕಾದದ್ದು ಮಾಹುಲ್.

ಮಿಠಿಯ ಕಥೆ ನಿಮಗೆ ಗೊತ್ತಿರೋದೇ. ವಿಹಾರ್, ಪವಾಯಿ ಕೆರೆ ಕೋಡಿ ಬಿದ್ದ ನೀರು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರಬೇಕು. ದಾರಿಯಲ್ಲಿ ವಿಮಾನ ನಿಲ್ದಾಣಕ್ಕೋಸ್ಕರ ನದಿನೇ ತಿರುಗಿಸಿದರು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೋಸ್ಕರ ಕಾಂಡ್ಲಾ ಗಿಡಗಳ ಜೌಗು ತುಂಬಿ ನದಿಯ ಬಾಯಿ ಕಿರಿದು ಮಾಡಿದರು. ಸಮುದ್ರ ಉಬ್ಬರದಲ್ಲಿದ್ದಾಗ ನೀರು ಹೊರಗೆ ಹೋಗೋದಿಲ್ಲ, ವಾಪಸ್ ಬರುತ್ತೆ. ಅದು ಬರೋದು ಎಲ್ಲಿಂದ? ನಿಮ್ಮ ಮೋರಿಯಿಂದ. ಬಾಗಿಲಿಗೆ ಎಷ್ಟೇ ಎತ್ತರ ಕಟ್ಟೆ ಕಟ್ಟಿ, ಮೋರಿ ಬಾಯಿ ತೆರೆದಿದ್ದರೆ ಏನೂ ಉಪಯೋಗ ಇಲ್ಲ. ಇದು ಮೊದಲು ತಲೆಯಲ್ಲಿಟ್ಟುಕೊಳ್ಳಿ.

ಧಾರಾವಿ ಅಕ್ಕ

ಓವರ್‌ಸಿಯರ್ ಸಾಹೇಬ್ರು ಹೇಳಿದ್ದು ನೂರಕ್ಕೆ ನೂರು ಖರೆ. ನಮ್ಮ ಖೋಲಿಯೊಳಗ ನೀರು ಮೊದಲು ಬಾಗಿಲಿಂದ ಬರಂಗಿಲ್ಲ, ಮೋರಿಯಿಂದ ಬುಳು ಬುಳು ಅಂತ ಮ್ಯಾಲೆ ಏಳತದ. ಕರ್ರಗ, ವಾಸನಿ.

ನಾವು ಮಾಡೋದು ಹೇಳ್ತೀನಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಒಂದು ತುದಿ ಹೊಲೀತೀವಿ, ಅದರಾಗ ಉಸುಕು ತುಂಬಿ ಇನ್ನೊಂದು ತುದಿ ಬಿಗಿ ಕಟ್ಟತೀವಿ. ಮೋರಿ ತೂತಿನ ಮ್ಯಾಲೆ ಮೊದಲು ಪ್ಲಾಸ್ಟಿಕ್ ಹಾಳಿ ಮಡಚಿ ಇಟ್ಟು, ಅದರ ಮ್ಯಾಲೆ ಈ ಉಸುಕಿನ ಗಂಟು, ಅದರ ಮ್ಯಾಲೆ ತುಂಬಿದ ನೀರಿನ ಡ್ರಮ್ಮು. ಉಬ್ಬರ ಇಳಿಯೋತನಕ ತೆಗೆಯಂಗಿಲ್ಲ. ಬರೇ ಅರಿವಿ ತುರುಕಿದ್ರ ಅದು ಕೊಚ್ಚಿ ಒಳಗ ಹೋಗಿ ಪೈಪೇ ಕಟ್ಟತದ, ಆಮ್ಯಾಲೆ ಮಳಿ ನಿಂತ್ರೂ ನೀರು ಇಳಿಯಂಗಿಲ್ಲ.

ಉಳಿದದ್ದು ಎಲ್ಲಾ ಮ್ಯಾಲೆ. ಗ್ಯಾಸ್, ಹಿಟ್ಟಿನ ಡಬ್ಬಿ ಓಟಾದ (ಅಡಗಿ ಕಟ್ಟಿ) ಮ್ಯಾಲೆ. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಬುಕ್ಕು ಪೋಟಮಾಳಾದ (ಅಟ್ಟದ) ಗೋಡಿಗೆ ಮೊಳಿ ಹೊಡದು ಪ್ಲಾಸ್ಟಿಕ್ ಚೀಲದಾಗ. ಫ್ರಿಜ್ಜಿಗೆ ವೆಲ್ಡಿಂಗ್ ಮಾಡಿಸಿ ಎರಡೂವರೆ ಫೂಟಿನ ಕಬ್ಬಿಣದ ಸ್ಟ್ಯಾಂಡು. ಮುದುಕರಿಗೆ ಪೋಟಮಾಳಾದ ಏಣಿ ಹತ್ತಾಕ ಆಗಂಗಿಲ್ಲ, ಅದೇ ದೊಡ್ಡ ಚಿಂತಿ. ನಮ್ಮ ಅತ್ತೆವ್ವನ್ನ ಪ್ರತಿ ಆಷಾಢಕ್ಕ ಊರಿಗೆ ಕಳಸ್ತಿದ್ವಿ. ಈಗ ಊರಾಗೂ ಅದೇ ಹಣಿಬಾರ.

ಮಿಠಿ ದಂಡಿ

ಅಕ್ಕಾ, ಊರಿನ ಮಾತು ಎತ್ತಿದ್ರಿ ನೋಡ್ರಿ. ನಮ್ಮಪ್ಪ ಮುಂಬೈಗೆ ಬಂದದ್ದು ಮಳಿ ಇಲ್ಲದ್ದಕ್ಕ. ಎರಡು ವರ್ಷ ತೊಗರಿ ಒಣಗಿ ಹೋತು, ಗುಳೆ ಬಂದ್ರು. 2020ರ ಅಕ್ಟೋಬರದಾಗ ಅದೇ ಹೊಲ ಭೀಮಾ ನೀರಾಗ ಮುಳಗಿತು. 2025ರ ಸಪ್ಟೆಂಬರದಾಗ ಮತ್ತ ಮುಳಗಿತು. ನೀರಿಲ್ಲಂತ ಬಿಟ್ಟು ಬಂದ ಹೊಲದಾಗ ಎದಿಮಟ ನೀರು.

ಸಿಂಹಗಡ ರಸ್ತೆ, ಪುಣೆ

ಅಣ್ಣಾ, ಆ ನೀರು ನಮ್ಮ ಕಡೆಯಿಂದಲೇ ಬರೋದು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠಾ ಹೊಳೆ, ಆಮೇಲೆ ಮುಳಾ-ಮುಠಾ, ಅಲ್ಲಿಂದ ಭೀಮಾ, ಉಜನಿ ಅಣೆಕಟ್ಟು, ಕಡೆಗೆ ನಿಮ್ಮ ಸೊನ್ನ ಬ್ಯಾರೇಜು. ನಮ್ಮಪ್ಪ ವಿಜಯಪುರದ ಕಡೆಯ ಮುಕಾದಮ, ಕಟ್ಟಡದ ಕೆಲಸಕ್ಕೆ ಜನ ತರ್ತಾರೆ. ಹಾಗಾಗಿ ಅಣೆಕಟ್ಟಿನ ಬಾಗಿಲು ತೆಗೆದರೆ ಮೊದಲು ಪುಣೆಯ ಶೆಡ್ಡಿನಲ್ಲಿರೋರಿಗೆ ಹೇಳ್ಬೇಕು, ಆಮೇಲೆ ಅದೇ ಮಂದಿಯ ಅಪ್ಪ-ಅವ್ವಂಗೆ ಊರಿಗೆ ಫೋನ್ ಮಾಡ್ಬೇಕು.

ಇಲ್ಲಿ ಎರಡು ಥರ ನೆರೆ. ಒಂದು ಹೊಳೆಯದು. 2024ರ ಜುಲೈ 25ರ ಬೆಳಗಿನ ಜಾವ ಏಕತಾ ನಗರಿಯಲ್ಲಿ ಜನ ಮಲಗಿದ್ದಾಗಲೇ ನೀರು ಬಂತು. ಖಡಕವಾಸಲಾದಿಂದ ಬಿಟ್ಟದ್ದು 35,000 ಕ್ಯೂಸೆಕ್ಸ್ ಸುಮಾರು. ಇನ್ನೊಂದು ಹಳ್ಳದ್ದು, ಅದಕ್ಕೆ ಮುನ್ಸೂಚನೆಗೆ ಹೊತ್ತೇ ಇರಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆ ಮಳೆ ಸುರಿದು ಆಂಬಿಲ್ ಓಢಾ ಉಕ್ಕಿತು. ಟಾಂಗೇವಾಲೆ ಕಾಲೋನಿಯಲ್ಲಿ ಗೋಡೆ ಬಿದ್ದು ಜನ ಸತ್ತರು, ಊರಲ್ಲಿ ಒಟ್ಟು ಇಪ್ಪತ್ತಕ್ಕೂ ಮೇಲೆ. ಗುಡ್ಡದಿಂದ ಇಳಿಯೋ ಹಳ್ಳಕ್ಕೆ ಎರಡೂ ಕಡೆ ಗೋಡೆ ಹಾಕಿ ಕಿರಿದು ಮಾಡಿದರೆ ಅದು ಆ ಗೋಡೆಯನ್ನೇ ಕೆಡವಿಕೊಂಡು ಬಡವರ ಮನೆ ಮೇಲೆ ಬೀಳುತ್ತೆ.

ಎಲ್ಲರಿಗೂ ಒಂದು ಕೈಮುಗಿದು ಹೇಳ್ತೀನಿ: ಕರೆಂಟು. ಆ 2024ರ ಜುಲೈ 25ರಂದೇ ಪುಲಾಚಿ ವಾಡಿಯಲ್ಲಿ ಅಂಡಾ ಭುರ್ಜಿ ಗಾಡಿ ಸರಿಸೋಕೆ ಹೋದ ಮೂರು ಜನ ಹುಡುಗರು ಶಾಕ್ ಹೊಡೆದು ಹೋದರು. ನೀರಲ್ಲಿ ಮುಳುಗಿ ಅಲ್ಲ. ಬದುಕಿನ ಗಾಡಿ ಅದು, ಬಿಟ್ಟು ಬರೋಕೆ ಮನಸ್ಸು ಬರಲ್ಲ. ಪಾದ ಮುಳುಗೋಷ್ಟು ನೀರು ಗಲ್ಲಿಗೆ ಬಂದ ತಕ್ಷಣ ಮೇನ್ ಸ್ವಿಚ್ ಇಳಿಸಿ. ಪ್ಲಗ್ಗು, ಬೋರ್ಡು ಎದೆ ಮಟ್ಟಕ್ಕೆ ಏರಿಸಿ. ಪಕ್ಕದ ಮನೆಯಿಂದ ವೈರ್ ಎಳೆದುಕೊಂಡವರು ಇದ್ದರೆ ಆ ಜೋಡಣೆ ನೆಲದ ಮೇಲೆ ಬಿದ್ದಿರಬಾರದು. ನಮ್ಮ ಲೇಬರ್ ಕ್ಯಾಂಪಿನಲ್ಲಿ ಎಲ್ಲಾ ಶೆಡ್ಡಿಗೂ ಒಂದೇ ಸ್ವಿಚ್ ಮಾಡಿ, ಅದನ್ನು ಇಳಿಸೋ ಜವಾಬ್ದಾರಿ ಒಬ್ಬರಿಗೆ ಕೊಟ್ಟಿದ್ದೇವೆ.

ಸಾಯನ್ ಸಿಸ್ಟರ್

ನಾನು ಮಂಗಳೂರಿನವಳು, ಸಾಯನ್ ಕಡೆ ಆಸ್ಪತ್ರೆಯಲ್ಲಿ ನರ್ಸ್. ನೆರೆ ಇಳಿದ ಮೇಲೆ ನಮ್ಮ ಕೆಲಸ ಶುರುವಾಗುವುದು.

ಪ್ರತಿ ಮಳೆಗಾಲ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಬರುತ್ತದೆ. ಇಲಿ, ಹೆಗ್ಗಣ, ನಾಯಿ, ದನಗಳ ಮೂತ್ರ ನೆರೆನೀರಿನಲ್ಲಿ ಸೇರಿ, ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಬೆರಳ ಸಂದು ಕೊಳೆತು ಒಡೆದಿರುತ್ತದಲ್ಲ, ಅಷ್ಟು ಸಾಕು. ನೀರಲ್ಲಿ ನಡೆದವರು 24ರಿಂದ 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ತೋರಿಸಿ. ಡಾಕ್ಟರು ನೋಡಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಬೇರೆ ಮಾತ್ರೆ ಉಂಟು, ಆದ್ದರಿಂದ ಅಂಗಡಿಯಿಂದ ತಂದು ಎಲ್ಲರಿಗೂ ಒಂದೇ ಹಂಚಬೇಡಿ.

ನನ್ನನ್ನು ಕಾಡುವ ವಿಷಯ ಒಂದು. ನಮ್ಮ ವಾರ್ಡಿಗೆ ಕಲಬುರಗಿ ಕಡೆಯ ಒಬ್ಬ ಬಿಗಾರಿ ಬಂದಿದ್ದ, ಕಣ್ಣು ಕೆಂಡದ ಹಾಗೆ, ಮೀನಖಂಡ ಮುಟ್ಟಿಸಿಕೊಳ್ಳಲಿಕ್ಕೆ ಆಗುತ್ತಿರಲಿಲ್ಲ, ಮೂತ್ರ ಕಡಿಮೆಯಾಗಿತ್ತು. ಜ್ವರ ಬಂದು ನಾಲ್ಕೈದು ದಿನ ಆಗಿತ್ತು. ಯಾಕಪ್ಪಾ ಇಷ್ಟು ತಡ ಅಂತ ಕೇಳಿದರೆ, "ಸಿಸ್ಟರ್, ಮಳಿ ಬಿಟ್ಟಿತ್ತು, ಕೆಲಸ ಸಿಗತಿತ್ತು" ಅಂದ. ಮಳೆಯಲ್ಲಿ ಕೂಲಿ ಹೋಗಿರುತ್ತದೆ, ಬಿಟ್ಟ ಕೂಡಲೇ ಆ ನಷ್ಟ ತುಂಬಿಸಬೇಕು. ಪುಣ್ಯಕ್ಕೆ ಬದುಕಿದ. ಕೂಲಿಯ ಪ್ರಶ್ನೆ ಬಗೆಹರಿಯದೆ ಮಾತ್ರೆಯ ಪ್ರಶ್ನೆ ಬಗೆಹರಿಯುವುದಿಲ್ಲ.

ಅಂಧೇರಿ ಪೂರ್ವ

ಎಲ್ಲರ ಕಷ್ಟವೂ ಅರ್ಥವಾಗುತ್ತೆ. ಆದರೆ ನೇರವಾಗಿ ಕೇಳ್ತೀನಿ, ತಪ್ಪು ತಿಳೀಬೇಡಿ. ನದಿ ದಂಡೆಯಲ್ಲಿ, ನಾಲೆ ಮೇಲೆ ಮನೆ ಇದ್ದರೆ ಎಷ್ಟು ಕಟ್ಟೆ ಕಟ್ಟಿದರೂ ಅಷ್ಟೇ ಅಲ್ಲವೇ? ಪರ್ಯಾಯ ಮನೆ ಕೊಟ್ಟು ಎಲ್ಲರನ್ನೂ ಸ್ಥಳಾಂತರ ಮಾಡೋದೇ ಶಾಶ್ವತ ಪರಿಹಾರ. ಮಕ್ಕಳ ಜೀವಕ್ಕಿಂತ ಹೆಚ್ಚಿನದು ಯಾವುದಿದೆ?

ಧಾರಾವಿ ಅಕ್ಕ

ತಪ್ಪು ತಿಳಿಯಂಗಿಲ್ರಿ. ನೀವು ಒಳ್ಳೇ ಮನಸಿಲೇ ಕೇಳೀರಿ. ಆದ್ರ ಎಲ್ಲಿಗೆ ಅನ್ನೋದೇ ಪ್ರಶ್ನಿ. ತಾನ್ಸಾ ಪೈಪ್‌ಲೈನ್ ಬಾಜೂ ಇದ್ದವರನ್ನ ಎಬ್ಬಿಸಿ ಮಾಹುಲ್‌ಗೆ ಹಾಕಿದ್ರು, ರಿಫೈನರಿ ಬಗಲಾಗ. ಮಕ್ಕಳಿಗೆ ಕೆಮ್ಮು, ಚರ್ಮದ ರೋಗ. ಮಂದಿ ಕೋರ್ಟಿಗೆ ಹೋಗಿ, 2019ರಾಗ ಬಾಂಬೆ ಹೈಕೋರ್ಟು ಅಲ್ಲಿ ಇರಲಾರದವರಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗಿ ಕೊಡ್ರಿ ಅಂತ ಹೇಳಬೇಕಾತು.

ನಾನು ನಾಕು ಮನಿ ಕೆಲಸ ಮಾಡ್ತೀನಿ, ಎಲ್ಲಾ ಮಾಟುಂಗಾದಾಗ. ಮುಂಜಾನೆ ಆರಕ್ಕ ಬಿಟ್ರ ಮಕ್ಕಳು ಸಾಲಿಗೆ ಹೋಗೋದ್ರಾಗ ಒಂದ್ಸಲ ಮನಿಗೆ ಬಂದು ಹೋಗ್ತೀನಿ. ಬಸ್ಸಿಗೆ ಒಂದೂವರೆ ತಾಸು ದೂರ ಹಾಕಿದ್ರ ನಾಕರಾಗ ಮೂರು ಮನಿ ಹೋದ್ವು. ಹತ್ತಿರದಾಗ ಪಕ್ಕಾ ಮನಿ ಕೊಡ್ರಿ, ನಾಳೆನೇ ಹೋಗ್ತೀವಿ. ಯಾರಿಗೆ ಬೇಕು ಮೋರಿ ನೀರಾಗ ಸಂಸಾರ?

ಅಂಧೇರಿ ಪೂರ್ವ

ಸರಿ ಅಕ್ಕಾ. ಕೆಲಸದ ದೂರದ ಲೆಕ್ಕ ನಾನು ಈ ರೀತಿ ನೋಡಿರಲಿಲ್ಲ. ಬಾಡಿಗೆಗೆ ಇರೋರ ಕಥೆ ಏನು? ಅವರಿಗೆ ಪರಿಹಾರ ಸಿಗುತ್ತಾ?

ಮಿಠಿ ದಂಡಿ

ಅದೇ ರೀ ಮುಖ್ಯ ತ್ರಾಸು. ನಮ್ಮ ಗಲ್ಲಿಯೊಳಗ ಹೆಚ್ಚಿನವರು ಬಾಡಿಗಿಯವರು. ಕಾಗದ ಮಾಲಕನ ಹೆಸರಿಲೆ. ಪಂಚನಾಮೆಗೆ ಬಂದವರು ಕಾಗದ ಕೇಳ್ತಾರ. ಹಾಳಾಗಿದ್ದು ನಮ್ಮ ಹಾಸಿಗಿ, ನಮ್ಮ ಜ್ವಾಳ, ನಮ್ಮ ಮಿಕ್ಸರ್. ನೆಲ ಎತ್ತರಿಸೋಣ ಅಂದ್ರ ಮಾಲಕ ಒಪ್ಪಂಗಿಲ್ಲ, ಒಪ್ಪಿದ್ರ ಬಾಡಿಗಿ ಏರಸ್ತಾನ. ಬಾಡಿಗಿ ಚೀಟಿ ಇರಲಿಕ್ರೂ ನಡೀಬೇಕು, ಅಲ್ಲಿ ವಾಸ ಇದ್ದದ್ದಕ್ಕ ಮಕ್ಕಳ ಸಾಲಿ ದಾಖಲೆ, ಗ್ಯಾಸಿನ ಬುಕ್ಕು ನೋಡ್ಲಿ ಅಂತ ನಮ್ಮ ಬೇಡಿಕಿ. ಈಗ ನಾವು ಮಳಿಗಿಂತ ಮೊದಲೇ ಒಳಗಿನ ಸಾಮಾನಿನ ಫೋಟೋ ತೆಗದು ಇಡಾಕ ಹತ್ತೀವಿ, ನೀರು ಬಂದ ಮ್ಯಾಲೆ ಗೋಡಿ ಮ್ಯಾಲಿನ ಕಲಿ ಸುದ್ದಾ ಫೋಟೋ. ಕೇಳಾಕ ಹೋದ್ರ 2022ರ ಮಾರ್ಚಿನಿಂದ ವರ್ಷಗಟ್ಟಲೆ ನಗರಸೇವಕರೇ ಇರಲಿಲ್ಲ. ಯಾರ ಬಾಗಿಲು ಬಡೀಬೇಕಿತ್ತು ಹೇಳ್ರಿ.

ಹೋಟೆಲ್ ಗಲ್ಲಾ

ನಾನು ಕುಂದಾಪುರದವ, ಪರೇಲ್ ಬದಿಯ ಹೋಟೆಲಿನ ಗಲ್ಲಾದಲ್ಲಿ ಕೂರುವುದು. ನಮ್ಮ ಹತ್ತಿರದ ಹಿಂದ್‌ಮಾತಾದಲ್ಲಿ ನೆಲದಡಿಯಲ್ಲಿ ದೊಡ್ಡ ಟ್ಯಾಂಕಿ ಕಟ್ಟಿ ಮಳೆನೀರು ತುಂಬಿಸಿಟ್ಟು, ಇಳಿತದ ಹೊತ್ತಿಗೆ ಹೊರಬಿಡುವ ವ್ಯವಸ್ಥೆ ಮಾಡಿದ ಮೇಲೆ ನೀರು ನಿಲ್ಲುವ ಹೊತ್ತು ಕಡಿಮೆ ಆಗಿದೆ. ಪೂರ್ತಿ ನಿಂತಿಲ್ಲ, ಆದರೆ ವ್ಯತ್ಯಾಸ ಉಂಟು. ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಹೇಳಿದ್ದು.

ನಮ್ಮ ಹುಡುಗರು ಹೋಟೆಲಿನಲ್ಲೇ ಮಲಗುವವರು. ಉಬ್ಬರದ ಪಟ್ಟಿ ನಾವು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇವೆ. ನಾಲ್ಕೂವರೆ ಮೀಟರ್ ದಾಟುವ ದಿನಗಳನ್ನು ಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತದೆ. ಆ ದಿನ ಮಳೆಯ ಎಚ್ಚರಿಕೆಯೂ ಇದ್ದರೆ ಅಕ್ಕಿ ಚೀಲ ಮೇಲಕ್ಕೆ, ದೂರದಿಂದ ಬರುವ ಕೆಲಸದವರಿಗೆ ರಜೆ. ಕಡಲ ಬದಿಯವರಿಗೆ ಉಬ್ಬರ-ಇಳಿತ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರಿಗೆ ಇದು ಹೊಸತು, ಅವರಿಗೆ ಯಾರಾದರೂ ಕೂತು ತಿಳಿಸಬೇಕು.

ನಿವೃತ್ತ ಓವರ್‌ಸಿಯರ್

ಗಲ್ಲಾ ಭಟ್ರು ಮುಖ್ಯವಾದ ಮಾತು ಹೇಳಿದರು. ಮಳೆ ಎಷ್ಟು ಅನ್ನೋದಕ್ಕಿಂತ ಅದು ಯಾವ ಹೊತ್ತಿಗೆ ಬೀಳುತ್ತೆ ಅನ್ನೋದು ಈ ಊರಿಗೆ ಮುಖ್ಯ. ಇಳಿತದಲ್ಲಿ 200 ಮಿಲಿಮೀಟರ್ ಹೇಗೋ ದಾಟುತ್ತೆ, ಉಬ್ಬರದ ಮೂರು ಗಂಟೆಯಲ್ಲಿ 100 ಬಿದ್ದರೆ ಮುಳುಗ್ತೀವಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು 1950ರಿಂದ 2015ರವರೆಗಿನ ಲೆಕ್ಕ ತೆಗೆದು, ಮಧ್ಯ ಭಾರತದಲ್ಲಿ ಭಾರೀ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಅಂತ ತೋರಿಸಿದ್ದಾರೆ. ಅರಬ್ಬೀ ಸಮುದ್ರ ಕಾಯ್ದಷ್ಟೂ ಗಾಳಿ ಹೆಚ್ಚು ತೇವ ಹೊತ್ತು ತರುತ್ತೆ. ಮಳೆ ದಿನಾ ಒಂದೇ ಸಮ ಬರೋ ಕಾಲ ಹೋಯಿತು, ಹದಿನೈದು ದಿನ ಒಣಗಿಸಿ ಎರಡು ದಿನದಲ್ಲಿ ಹೊಯ್ದು ಹೋಗುತ್ತೆ.

ಇನ್ನು ನೆಲ ಎತ್ತರಿಸೋದು. ಒಬ್ಬರು ಒಂದು ಫೂಟು ಭರ್ತಿ ಹಾಕಿ ಏರಿಸಿದರೆ ಆ ನೀರು ಪಕ್ಕದ ಮನೆಗೆ ಹೋಗುತ್ತೆ. ಅವರು ಒಂದೂವರೆ ಏರಿಸ್ತಾರೆ. ಕಡೆಗೆ ಗಲ್ಲಿಯ ಕಟ್ಟಕಡೆಯ ಮನೆ, ಸಾಮಾನ್ಯವಾಗಿ ಯಾರೋ ಒಬ್ಬಂಟಿ ಮುದುಕಿಯದು, ಅದು ಬಾವಿಯಾಗುತ್ತೆ. ಅಷ್ಟರಲ್ಲಿ ರಸ್ತೆಗೆ ಕಾಂಕ್ರೀಟು ಬಂದು ಇಡೀ ಗಲ್ಲಿಯೇ ರಸ್ತೆಗಿಂತ ಕೆಳಗೆ ಹೋಗಿರುತ್ತೆ. ಇದನ್ನು ನಾನು ಎಷ್ಟು ಕಡೆ ನೋಡಿದ್ದೀನೋ. ನೀವು ರೊಕ್ಕ ಹಾಕೋದಾದರೆ ಒಬ್ಬೊಬ್ಬರು ಹಾಕಬೇಡಿ. ಗಲ್ಲಿ ಪೂರಾ ಲೆವೆಲ್ ತೆಗೆಯಿರಿ, ಗಟಾರದ ಇಳಿಜಾರು ಎಲ್ಲಿ ಮುರಿದಿದೆ ನೋಡಿ, ಆ ಲೆಕ್ಕ ಕೈಯಲ್ಲಿ ಹಿಡಿದು ವಾರ್ಡ್ ಆಫೀಸಿಗೆ ಹೋಗಿ. ಬರೀ "ನೀರು ಬರ್ತದೆ" ಅಂದರೆ ಕೇಳೋರಿಲ್ಲ, "ಈ ಜಾಗದಲ್ಲಿ ಗಟಾರ ಎಂಟು ಇಂಚು ಎತ್ತರ ಇದೆ" ಅಂದರೆ ಉತ್ತರ ಕೊಡಲೇಬೇಕಾಗುತ್ತೆ.

ಸಿಂಹಗಡ ರಸ್ತೆ, ಪುಣೆ

ಕಾಕಾ ಹೇಳಿದ್ದು ಬಹಳ ಸರಿ. ಮುನ್ಸೂಚನೆ ಬಗ್ಗೆ ನನ್ನದೊಂದು ಮಾತು. ಫೋನಿಗೆ ಬರೋ ಎಚ್ಚರಿಕೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿರುತ್ತೆ. ನಮ್ಮ ಕ್ಯಾಂಪಿನ ಹೆಣ್ಣಮಕ್ಕಳಿಗೆ ಓದೋಕೆ ಬರಲ್ಲ, ಕನ್ನಡವೂ ಓದಲ್ಲ. ರೆಡ್ ಅಲರ್ಟ್ ಅಂದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ. ಅದಕ್ಕೆ ನಾನು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಹಾಕ್ತೀನಿ, ನಮ್ಮ ಊರ ಭಾಷೆಯಲ್ಲಿ: ಇವತ್ತು ರಾತ್ರಿ ಹೊಳಿ ಏರತದ, ಕಾಗದಪತ್ರ ತಗೊಂಡು ಮ್ಯಾಲಿನ ಶೆಡ್ಡಿಗೆ ಬರ್ರಿ, ಅಡಗಿ ಅಲ್ಲೇ ಮಾಡೂಣು. ಅಡಿಗೆ ಅಲ್ಲೇ ಅನ್ನೋ ಮಾತು ಸೇರಿಸಿದ ಮೇಲೆ ಜನ ಬೇಗ ಹೊರಡ್ತಾರೆ.

ಧಾರಾವಿ ಅಕ್ಕ

ಖರೆ ಅದ ಯವ್ವಾ. ಸಾಲಿಗೆ ಹೋಗ್ರಿ ಅಂತಾರ, ಅಲ್ಲಿ ಹೆಣ್ಣಮಕ್ಕಳಿಗೆ ಸಂಡಾಸ ನೆಟ್ಟಗ ಇರಂಗಿಲ್ಲ, ಬಿಟ್ಟು ಬಂದ ಮನಿಗೆ ಕಳ್ಳರು ಹೊಕ್ಕಾರು ಅಂತ ಜೀವ ಅಲ್ಲೇ. ಅದಕ್ಕೇ ಕಡೇ ಗಳಿಗಿತನಕ ಏಳಂಗಿಲ್ಲ. ಮನಿಗೊಬ್ಬರಂಗ ಗಂಡಸರು ಪಾಳಿ ಹಚ್ಚಿ ಎತ್ತರದ ಜಾಗದಾಗ ಕಾವಲು ಕುಂತ್ರ ಹೆಣ್ಣಮಕ್ಕಳು, ಮಕ್ಕಳು ನಿಶ್ಚಿಂತಿಯಿಂದ ಹೋಗ್ತಾರ. ಪಾಲಿಕೆಯ ಕನ್ನಡ ಸಾಲಿಗಳು ಮುಂಬೈದಾಗ ಇನ್ನೂ ಅವ. ಆ ಮಾಸ್ತರು, ಬಾಯೋರು ಒಂದೀಟು ಮನಸು ಮಾಡಿ ಕನ್ನಡದಾಗ ಎಚ್ಚರಿಕಿ ಹೇಳೋ ಕೆಲಸ ತಗೊಂಡ್ರ ಎಷ್ಟೋ ಆದೀತು.

ಸಾಯನ್ ಸಿಸ್ಟರ್

ಪುಣೆಯವರ ಉಪಾಯ ನನಗೆ ಬಹಳ ಹಿಡಿಸಿತು. ಲೆಪ್ಟೋ ಬಗ್ಗೆ ಕನ್ನಡದಲ್ಲಿ ನಾನೂ ಒಂದು ವಾಯ್ಸ್ ಮಾಡಿ ಕೊಡುತ್ತೇನೆ, ಎಲ್ಲರೂ ನಿಮ್ಮ ನಿಮ್ಮ ಗಲ್ಲಿಗೆ ಕಳಿಸಿ. ಯಾರಾದರೂ ಕಲಬುರಗಿ ಮಾತಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರೆ ಒಳ್ಳೆಯದು, ನನ್ನ ಮಂಗಳೂರು ಕನ್ನಡ ಅಜ್ಜಿಯರಿಗೆ ಹಿಡಿಯಲಿಕ್ಕಿಲ್ಲ.

ಕೂಲಿ ಹೋದ ದಿನಕ್ಕೆ ಏನು ಎಂದು ಯೋಚಿಸುತ್ತಿದ್ದೆ. ಬಿಸಿಲು ಇಂತಿಷ್ಟು ಮಿತಿ ದಾಟಿದರೆ ಮಹಿಳಾ ಕಾರ್ಮಿಕರ ಖಾತೆಗೆ ನೇರ ಹಣ ಬರುವ ವಿಮೆಯನ್ನು ‘ಸೇವಾ’ (SEWA) ಎನ್ನುವ ಮಹಿಳಾ ಕಾರ್ಮಿಕರ ಸಂಘಟನೆಯವರು ಗುಜರಾತಿನ ಕಡೆ ಮಾಡಿದ್ದಾರೆ. ಯಾರೂ ಬಂದು ಪಂಚನಾಮೆ ಮಾಡಬೇಕಾಗಿಲ್ಲ. ಮಳೆಗೂ ಅಂಥದ್ದು ಇದ್ದರೆ ಆ ಬಿಗಾರಿ ಜ್ವರದಲ್ಲಿ ಕೆಲಸಕ್ಕೆ ಹೋಗುತ್ತಿರಲಿಲ್ಲ. ಮುಂಬೈಯ ಕನ್ನಡ ಸಂಘಗಳು ಯಕ್ಷಗಾನ, ಸನ್ಮಾನಗಳ ಜೊತೆಗೆ ಇದನ್ನೂ ಕೈಗೆತ್ತಿಕೊಳ್ಳಬೇಕು ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಹೋಟೆಲ್ ಗಲ್ಲಾ

ಸಿಸ್ಟರ್, ಸಂಘದ ಮುಂದಿನ ಸಭೆಯಲ್ಲಿ ನಾನು ಎತ್ತುತ್ತೇನೆ. ವಿಮೆ ದೊಡ್ಡ ಮಾತು, ಈ ವರ್ಷಕ್ಕೆ ಆಗಲಿಕ್ಕಿಲ್ಲ. ಶಾಲೆಗೆ ಹೋದವರಿಗೆ ಎರಡು ಹೊತ್ತಿನ ಊಟ ಕಳಿಸುವುದು ನಮ್ಮ ನಾಲ್ಕೈದು ಹೋಟೆಲಿನವರಿಗೆ ಕಷ್ಟ ಅಲ್ಲ. ಕುರ್ಲಾದವರು ಮೊದಲೇ ಎಷ್ಟು ಜನ ಅಂತ ತಿಳಿಸಿದರೆ ಆಯಿತು. ದಾರಿ ಕಟ್ಟಾದರೆ ಅಂತ ಅವಲಕ್ಕಿ, ಬೆಲ್ಲ ಮುಂಚೆಯೇ ಅಲ್ಲಿಟ್ಟುಬಿಡುವ.

ಮಿಠಿ ದಂಡಿ

ಅಣ್ಣಾ, ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ. ಬಸುರಿಯರು, ಕೂಸು, ಮುದುಕರು ಎಷ್ಟು ಮಂದಿ ಅಂತ ಪಟ್ಟಿ ಈ ವಾರದಾಗ ಮಾಡ್ತೀವಿ. ಸಿಸ್ಟರ್, ಕಲಬುರಗಿ ಮಾತಿನಾಗ ನಮ್ಮ ಅವ್ವನ ಕಡೆಯಿಂದ ಹೇಳಸ್ತೀನಿ, ಅವಳ ಮಾತು ಗಲ್ಲಿಯವರು ಕೇಳ್ತಾರ.

ಓವರ್‌ಸಿಯರ್ ಕಾಕಾ, ಲೆವೆಲ್ ತೆಗೆಯೋ ಪೈಪು ನಮ್ಮಲ್ಲೇ ಅದ, ಮನಿಗೊಬ್ಬ ಗೌಂಡಿ ಅದಾನ. ಎಲ್ಲಿಂದ ಎಲ್ಲಿಗೆ ಹಿಡೀಬೇಕು, ಬರಕೊಳ್ಳೋದು ಹ್ಯಾಂಗ, ಅಷ್ಟು ನೀವು ತೋರಸ್ರಿ.

ನಿವೃತ್ತ ಓವರ್‌ಸಿಯರ್

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರ್ತೀನಿ, ನಾಕಾದ ಹುಡುಗರಿಗೂ ಅವತ್ತು ಬಿಡುವಿರುತ್ತೆ. ಸುಣ್ಣದ ಪುಡಿ, ಅಳತೆ ಟೇಪು, ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದಿಟ್ಟಿರಿ. ಕಡೇ ಮನೆಯಿಂದ ಶುರು ಮಾಡೋಣ.

ಧಾರಾವಿ ಅಕ್ಕ

ನಾವೂ ಇಬ್ಬರು ಮೂವರು ಬರ್ತೀವ್ರಿ ಕಾಕಾ, ನೋಡಿ ಕಲ್ತು ನಮ್ಮ ಗಲ್ಲಿಗೂ ಮಾಡ್ತೀವಿ. ಕುರ್ಲಾ ಸ್ಟೇಷನ್ನಿಂದ ಯಾವ ಕಡೆ ಬರಬೇಕು, ಯಾರರೆ ಹೇಳ್ರಿ.